ಕಿವಿ ನಿಂದು, ಕಣ್ಣು ನಂದು

ತುಮಕೂರು
14 ಜುಲೈ 2025

ಪ್ರೀತಿಯ ಶ್ರೀ,

ಅವನು ಹೂಂ ಅಂದುಬಿಟ್ಟ! ಡಿಸೆಂಬರಿನ ಜಪಾನೀಸ್ ಪರೀಕ್ಷೆಗೆ ನಾನೂ ನಿನ್ನ ಜೊತೆ ಕೂಡುತ್ತೇನೆ! ಓದಿದೆಯಾ? ಇನ್ನೊಮ್ಮೆ ಓದು. ನಾನೂ! ನಿನ್ನ ಜೊತೆ!

ಅವನು ಅಂದರೆ ಸುಶ್ರುತ, ನನ್ನ ಗಂಡ. (ಗಂಡ ಅಂತ ಬರೆಯುವಾಗ ಇನ್ನೂ ನಗು ಬರುತ್ತದೆ. ಅಮ್ಮನ ಮುಂದೆ 'ಅವರು' ಅನ್ನಬೇಕು, ನಿನ್ನ ಮುಂದೆ 'ಅವನು' ಅಂದರೆ ನಡೆಯುತ್ತದಲ್ಲ?) ನಿನ್ನೆ ಊಟಕ್ಕೆ ಕೂತಾಗ ಹೆದರುತ್ತ ಹೆದರುತ್ತ ವಿಷಯ ತೆಗೆದೆ.

"ಜಪಾನೀಸಾ? ಇನ್ನೂ ಬಿಟ್ಟಿಲ್ಲೇನು ಅದನ್ನ? ಮದುವಿ ಗಡಿಬಿಡಿಯೊಳಗ ಮರತಿರಬೇಕು ಅಂತ ತಿಳಕೊಂಡಿದ್ದೆ."

"ಮರೀಲಿಕ್ಕೆ ಅದೇನು ಛತ್ರಿ ಅದ ಏನು?"

"ಹಂಗಾರ ಬರಿ. ನಾ ಯಾಕ ಬ್ಯಾಡಂತೀನಿ? ನಮ್ಮ ಪ್ಲಾಂಟಿಗೆ ಬರೋ ಜಪಾನಿ ಮಂದಿ ಮುಂದ ನೀ ಮಾತಾಡಿದ್ರ ನನ್ನ ಮರ್ಯಾದಿನೂ ಏರ್ತದ."

ಅಷ್ಟೇ! ನಾನು ಒಂದು ವಾರದಿಂದ ಮನಸ್ಸಿನಲ್ಲಿ ಭಾಷಣ ತಯಾರು ಮಾಡಿದ್ದೆ, ಎಲ್ಲಾ ವೇಸ್ಟ್ ಆಯಿತು. ಇಷ್ಟು ಒಳ್ಳೆಯವನು ನನಗೆ ಹೇಗೆ ಸಿಕ್ಕ ಶ್ರೀ? ಮೊನ್ನೆ ತಾನೇ ಚಹಾ ಮಾಡಿ ತಂದುಕೊಟ್ಟ. ಉಪ್ಪು ಹಾಕಿದ್ದ. ನಾನು ಪೂರಾ ಕುಡಿದೆ!

ಈ ಕಾಗದ ಬರೆಯುತ್ತಿರುವುದನ್ನು ನೋಡಿ, "ಅವರ ಮನ್ಯಾಗ ಫೋನ್ ಇಲ್ಲೇನು?" ಅಂದ. ಆಗ ನಮ್ಮ ಪದ್ಧತಿಯನ್ನೆಲ್ಲ ವಿವರಿಸಬೇಕಾಯಿತು. ಬೆಳಿಗ್ಗೆ ಐದೂವರೆಗೆ ಹಾವೇರಿಯಿಂದ ನಾನು, ಬ್ಯಾಡಗಿಯಿಂದ ನೀನು ಫೋನಿಗೆ ಕೂಡುತ್ತಿದ್ದದ್ದು. ನಾನು ಹಿಂದಿನ ದಿನ ಕೇಳಿಸಿಕೊಂಡ ಪಾಠವನ್ನು ನುಡಿಯುವುದು, ನೀನು ಅದನ್ನೇ ತಿರುಗಿ ನುಡಿಯುವುದು. ಸಂಜೆ ನೀನು ಅಕ್ಷರಗಳನ್ನು ಬರೆದು ಫೋಟೋ ಕಳಿಸುವುದು. ಕಿವಿ-ನಾಲಿಗೆಯ ಕೆಲಸ ನನ್ನದು, ಕಣ್ಣು-ಕೈಯ ಕೆಲಸ ನಿನ್ನದು. ನಿಮ್ಮವ್ವ ಮುತ್ತವ್ವ ಹೇಳುತ್ತಿದ್ದರಲ್ಲ, ಮೆಣಸಿನಕಾಯಿ ರಾಶಿಯ ಮುಂದೆ ಒಬ್ಬಾಕೆ ತೊಟ್ಟು ಬಿಡಿಸಬೇಕು, ಇನ್ನೊಬ್ಬಾಕೆ ಬಣ್ಣ ನೋಡಿ ಆರಿಸಬೇಕು, ಆಗ ಕೆಲಸ ಲಗೂ ಸಾಗುತ್ತದೆ ಅಂತ. ಮತ್ತೆ ಫೋನಿನಲ್ಲಿ ಕನ್ನಡ ಬಂದ್! ಯಾರ ಬಾಯಲ್ಲಿ ಕನ್ನಡ ಬಂತೋ ಅವರು ಒಂದು ಪ್ಲೇಟ್ ಗಿರಮಿಟ್ ಕೊಡಿಸಬೇಕು. ಹರಟೆಯೆಲ್ಲ ಕಾಗದದಲ್ಲಿ ಮಾತ್ರ. ಇಲ್ಲದಿದ್ದರೆ ನಾನು ಪಾಠ ಬಿಟ್ಟು ಸೀರೆ, ಸಿನಿಮಾ ಅಂತ ಶುರು ಮಾಡುತ್ತಿದ್ದೆ, ನಿನಗೆ ಗೊತ್ತೇ ಇದೆ.

ಎಲ್ಲ ಕೇಳಿ ಸುಶ್ರುತ, "ಅಂದ್ರ ನೀವಿಬ್ಬರೂ ಕೂಡಿ ಒಬ್ಬ ಸ್ಟೂಡೆಂಟ್" ಅಂದ. ಎಷ್ಟು ಚಂದ ಹೇಳಿದ ನೋಡು!

ಈಗ ಪ್ಲ್ಯಾನ್. ನವೆಂಬರ್ ಪೂರ್ತಿ ನಾನು ಹಾವೇರಿಯಲ್ಲಿ ಅಮ್ಮನ ಹತ್ತಿರ ಇರುತ್ತೇನೆ. ದಿನಾಲೂ ಬ್ಯಾಡಗಿಗೆ ಬರುತ್ತೇನೆ. ಆಮೇಲೆ ಇಬ್ಬರೂ ಒಂದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬರೋಣ. ಪ್ರಾಮಿಸ್, ಪ್ರಾಮಿಸ್, ಪ್ರಾಮಿಸ್!

ಕುಣಿಯುತ್ತಿರುವ
ಪದ್ದಿ


ಬ್ಯಾಡಗಿ
25 ಜುಲೈ 2025

ಪದ್ದಿ,

ನಿನ್ನ ಕಾಗದ ಬಂತು. ಖುಷಿಯಾಯಿತು. ಉಪ್ಪಿನ ಚಹಾ ಕುಡಿದದ್ದಕ್ಕೆ ಮಾತ್ರ ನಿನಗೆ ಪ್ರಶಸ್ತಿ ಕೊಡಬೇಕು.

ಇಲ್ಲಿ ಓದು ನಡೆದಿದೆ. ಕಾರ್ಖಾನೆಯ ಲ್ಯಾಬಿನಲ್ಲಿ ಬಿಸಾಡುವ ಸ್ಯಾಂಪಲ್ ಪ್ಯಾಕೆಟ್ಟುಗಳ ಹಿಂಬದಿ ಬಿಳಿ ಇರುತ್ತದಲ್ಲ, ಅದರ ಮೇಲೆ ಅಕ್ಷರ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ರೊಟ್ಟಿ ಬಡಿಯುತ್ತ ಓದುತ್ತೇನೆ. ಪ್ಯಾಕೆಟ್ಟಿನ ಖಾರದ ಘಾಟಿಗೆ ಅವ್ವ ಸೀನುತ್ತಾಳೆ. "ನಿನ್ನ ಜಪಾನ ನನ್ನ ಮೂಗಿನಾಗ ಹೊಕ್ಕೈತಿ" ಅನ್ನುತ್ತಾಳೆ.

ಹಿಂದಿನ ಭಾನುವಾರ ಕ್ಲಾಸಿಗೆ ರಾಣೆಬೆನ್ನೂರಿಗೆ ಹೋಗಿದ್ದೆ. ಹನೀಫ್ ಸರ್ ಬೀಜದ ಅಂಗಡಿಯ ಮೇಲಿನ ಕೋಣೆಗೆ ಹೊಸ ಬೆಂಚು ಹಾಕಿಸಿದ್ದಾರೆ. ನಿನ್ನನ್ನು ಕೇಳಿದರು. ಮದುವೆಯಾದ ಮೇಲೂ ಓದುತ್ತಾಳೆ ಅಂದೆ. ನಕ್ಕು, "ಜಪಾನಿನಾಗ ಅಷ್ಟ ವರ್ಷ ಗ್ಯಾರೇಜಿನಾಗ ದುಡದು ಬಂದೇನಿ ಬೇಟಿ, ಅಲ್ಲಿ ಒಬ್ಬರ ಕಿವಿ ಇನ್ನೊಬ್ಬರಿಗೆ ಸಾಲ ಕೊಡೂದಿಲ್ಲ. ಅರ್ಧಾ ಅರ್ಧಾ ಕಲಿಯೂದು ಬಿಡ್ರಿ ಅಂತ ಎಷ್ಟ ಸಲ ಹೇಳ್ಲಿ ನಿಮಗ" ಅಂದರು. ಬೇರೆ ಬೇರೆ ಜನರ ದನಿ ಕೇಳು ಅಂತ ರೆಕಾರ್ಡಿಂಗುಗಳನ್ನು ಕೊಟ್ಟಿದ್ದಾರೆ. ಹಚ್ಚಿ ನೋಡಿದೆ. ಅವರು ಓಡುತ್ತಾರೆ, ನೀನು ನಡೆಯುತ್ತೀ. ನಿನ್ನ ಹಿಂದೆಯೇ ನಡೆಯುತ್ತೇನೆ ಅಂತ ಬಂದ್ ಮಾಡಿಟ್ಟೆ.

ಇನ್ನೊಂದು ಸುದ್ದಿ. ನಮ್ಮ ಮಾಲೀಕರು ಲ್ಯಾಬಿಗೆ ಬಂದು ಎಲ್ಲರ ಮುಂದೆ ಹೇಳಿದರು. ನಮ್ಮ ಕಾರ್ಖಾನೆ ಮೆಣಸಿನಕಾಯಿಯಿಂದ ತೆಗೆಯುವ ಬಣ್ಣವನ್ನು ಕೊಳ್ಳುವ ಜಪಾನಿನ ಕಂಪನಿ ಬರುವ ಏಪ್ರಿಲ್‌ನಲ್ಲಿ ಒಬ್ಬರನ್ನು ಒಂದು ವರ್ಷ ತರಬೇತಿಗೆ ಕರೆಸಿಕೊಳ್ಳುತ್ತದೆ. ಡಿಸೆಂಬರ್ ಪರೀಕ್ಷೆ ಪಾಸಾದರೆ ನಾನು, ಇಲ್ಲದಿದ್ದರೆ ಲ್ಯಾಬಿನ ನನ್ನ ಜೊತೆಗಾರ ಮನೋಹರ. ಅವನು ಹೋದ ವರ್ಷವೇ ಪಾಸಾಗಿದ್ದಾನೆ, ಆದರೆ ಲ್ಯಾಬಿನ ಕೆಲಸ ನನಗೆ ಹೆಚ್ಚು ಗೊತ್ತು ಅಂತ ಮೊದಲ ಅವಕಾಶ ನನಗೆ.

ಅಪ್ಪನಿಗೆ ಹೇಳಿದೆ. ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತಿದ್ದ. ಕೈಯಲ್ಲಿದ್ದ ಲೆಕ್ಕ ಮುಗಿಸಿ ಪುಸ್ತಕ ಮುಚ್ಚಿದ. ಆಮೇಲೆ, "ಪಾಸಾದ್ರ ನಾನ ವಿಮಾನ ಹತ್ತಸ್ತೇನಿ. ಆಗಲಿಲ್ಲಂದ್ರ ಈ ಗಾದಿ ಮ್ಯಾಲೆ ಬಂದು ಕುಂದರಬೇಕು. ಮತ್ತ ವರ್ಷ ವರ್ಷ ಪರೀಕ್ಷಿ ಅನ್ನಾಂಗಿಲ್ಲ" ಅಂದ. ಒಪ್ಪಿದ್ದೇನೆ.

ಅದಕ್ಕೇ ನವೆಂಬರಿಗಾಗಿ ಕಾಯುತ್ತೇನೆ.

ಶ್ರೀದೇವಿ


ತುಮಕೂರು
2 ಸೆಪ್ಟೆಂಬರ್ 2025

ಪ್ರೀತಿಯ ಶ್ರೀ,

ಕೋಪ ಮಾಡಿಕೊಂಡಿದ್ದೀಯಾ? ಮಾಡಿಕೋಬೇಡ! ಮಡಿಕೇರಿಗೆ ಹೋಗಿದ್ದೆವು, ಅಲ್ಲಿ ನೆಟ್‌ವರ್ಕೇ ಇರಲಿಲ್ಲ. ಬಂದ ಮೇಲೆ ನೆಂಟರ ಮನೆಗಳ ಊಟ. ದಿನಾ ಒಂದು ಮನೆ! ಐದೂವರೆಗೆ ಏಳುವುದು ಇಲ್ಲಿ ಕಷ್ಟವಾಗುತ್ತಿದೆ. ನಾನು ಎದ್ದರೆ ಸುಶ್ರುತನ ನಿದ್ದೆ ಕೆಡುತ್ತದೆ, ಪಾಪ ಅವನಿಗೆ ಶಿಫ್ಟ್ ಇರುತ್ತದೆ. ಹಾಗಾಗಿ ಸದ್ಯಕ್ಕೆ ಭಾನುವಾರ ಮಾತ್ರ ಫೋನ್ ಮಾಡೋಣವಾ? ಆಮೇಲೆ ಮತ್ತೆ ದಿನಾಲೂ ಶುರು ಮಾಡೋಣ.

ಜಪಾನ್! ಕಂಗ್ರ್ಯಾಟ್ಸ್! ನೀನು ಪಾಸಾಗಿಯೇ ಆಗುತ್ತೀ, ನನಗೆ ಡೌಟೇ ಇಲ್ಲ. ನೀನು ಅಲ್ಲಿಗೆ ಹೋದಾಗ ನಾನೂ ಸುಶ್ರುತನೂ ಬಂದು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇವೆ.

ಈಗ ನನ್ನ ಸುದ್ದಿ ಕೇಳು. ಮೊನ್ನೆ ಪ್ಲಾಂಟಿನ ಜಪಾನಿ ಮ್ಯಾನೇಜರ್ ಮತ್ತು ಅವರ ಹೆಂಡತಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾನು ಹೋಳಿಗೆ ಮಾಡಿದ್ದೆ. ಆಕೆ ಜೊತೆ ಒಂದು ತಾಸು ಮಾತಾಡಿದೆ. ಒಂದು ತಾಸು ಶ್ರೀ! ಜಪಾನೀಸಿನಲ್ಲೇ! ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ನಗುತ್ತ ಮಾತಾಡಿದರು, ನನಗೆ ಎಲ್ಲಾ ತಿಳಿಯಿತು. ಸುಶ್ರುತ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡುತ್ತಿದ್ದ.

ಹೋಗುವಾಗ ಆಕೆ ಒಂದು ಕಾರ್ಡು ಕೊಟ್ಟರು. ತುಂಬ ಅಕ್ಷರಗಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ನನಗೆ ನಾಲ್ಕೈದು ಬಿಟ್ಟರೆ ಒಂದೂ ಓದಲಿಕ್ಕೆ ಬರಲಿಲ್ಲ! ಓದಿದ ಹಾಗೆ ತಲೆಯಾಡಿಸಿ ಥ್ಯಾಂಕ್ಯೂ ಹೇಳಿದೆ. ಕಾರ್ಡು ಇದರ ಜೊತೆ ಇಟ್ಟಿದ್ದೇನೆ. ಬೇಗ ಓದಿ ಅರ್ಥ ಬರೆದು ಕಳಿಸು, ಆಕೆ ಮತ್ತೆ ಸಿಕ್ಕರೆ ಏನನ್ನಲಿ? ನೀನಿಲ್ಲದಿದ್ದರೆ ನನ್ನ ಗತಿ ಏನು ಹೇಳು!

ಮುದ್ದುಗಳೊಂದಿಗೆ
ಪದ್ದಿ


ಬ್ಯಾಡಗಿ
9 ಸೆಪ್ಟೆಂಬರ್ 2025

ಪದ್ದಿ,

ಕಾರ್ಡಿನಲ್ಲಿ ಬರೆದದ್ದು ಇಷ್ಟು: "ಈ ಊರಿಗೆ ಬಂದ ಮೇಲೆ ಯಾರ ಜೊತೆಗೂ ಇಷ್ಟು ನಗಲಿಲ್ಲ. ನಿಮ್ಮ ಮನೆಯ ಸಿಹಿ ರೊಟ್ಟಿ ನಮ್ಮ ಅಜ್ಜಿಯ ಕೈಯ ತಿಂಡಿಯನ್ನು ನೆನಪಿಸಿತು. ನಮ್ಮ ಮನೆಗೂ ಬನ್ನಿ." ಸಿಹಿ ರೊಟ್ಟಿ ಅಂದರೆ ನಿನ್ನ ಹೋಳಿಗೆ. ಕಾರ್ಡನ್ನು ತಿರುಗಿ ಕಳಿಸಿದ್ದೇನೆ, ಜೋಪಾನ ಇಟ್ಟುಕೋ. ಪ್ರತಿ ಅಕ್ಷರದ ಕೆಳಗೆ ಪೆನ್ಸಿಲಿನಿಂದ ಉಚ್ಚಾರ ಬರೆದಿದ್ದೇನೆ. ಮುಂದಿನ ಸಲ ನೀನೇ ಓದಬಹುದು.

ಭಾನುವಾರ ಫೋನ್ ಆಗಬಹುದು. ಉಳಿದ ದಿನ ಐದೂವರೆಗೆ ನಾನು ಎದ್ದು ಕೂಡುತ್ತೇನೆ, ರೂಢಿ. ಒಬ್ಬಳೇ ನುಡಿದು ಒಬ್ಬಳೇ ಉತ್ತರ ಕೊಡುತ್ತೇನೆ. ಅಪ್ಪ ಹಲ್ಲುಜ್ಜುತ್ತ ಬಂದು, "ಯಾರ ಸಂಗಾಟ ಜಗಳಾ ಆಡಾಕತ್ತೀಯವ್ವಾ?" ಅಂತ ಕೇಳಿದ.

ಪರೀಕ್ಷೆಯ ಅರ್ಜಿ ನಾನು ತುಂಬಿದೆ. ನೀನು ತುಂಬಿದೆಯಾ? ಕೊನೆಯ ದಿನ ಹತ್ತಿರ ಬಂತು. ಮರೆಯಬೇಡ.

ಶ್ರೀದೇವಿ


ತುಮಕೂರು
28 ಅಕ್ಟೋಬರ್ 2025

ನನ್ನ ಮುದ್ದು ಶ್ರೀ,

ಮೊದಲು ಬೈದುಬಿಡು, ಆಮೇಲೆ ಓದು. ದೀಪಾವಳಿಗೆ ಹಾವೇರಿಗೆ ಬಂದವಳು ಬ್ಯಾಡಗಿಗೆ ಬರಲಿಲ್ಲ. ಅಷ್ಟು ಹತ್ತಿರ ಬಂದು! ಆದರೆ ಮದುವೆಯಾದ ಮೇಲಿನ ಮೊದಲ ದೀಪಾವಳಿ ಅಂದರೆ ಏನು ಅಂತ ನಿನಗೆ ಗೊತ್ತಾಗಬೇಕಾದರೆ ನೀನು ನಮ್ಮ ಮನೆಯಲ್ಲಿ ಇರಬೇಕಿತ್ತು. ಅಳಿಯನಿಗೆ ಎಣ್ಣೆ ಹಚ್ಚುವುದೇನು, ಆರತಿ ಏನು! ಅಮ್ಮ ಸುಶ್ರುತನನ್ನು ಕೂಡಿಸಿ, "ತಿನ್ರಿ ಅಳಿಯಂದಿರು, ಇದೊಂದು ಉಂಡಿ ತಿನ್ರಿ, ನಮ್ಮಾಣಿ ಅದ" ಅಂತ ತಿನ್ನಿಸಿ ತಿನ್ನಿಸಿ, ಮೂರನೆಯ ದಿನ ಅವನು ಹೊಟ್ಟೆ ಹಿಡಿದುಕೊಂಡು ಮಲಗಿದ. ಅಮ್ಮನೇ ಮಜ್ಜಿಗೆ ಕೊಟ್ಟು, "ಇಷ್ಟ ಸೂಕ್ಷ್ಮ ಇದ್ರ ಹೆಂಗ್ರೀ?" ಅಂದಳು! ಅವತ್ತೇ ನಿನ್ನಲ್ಲಿಗೆ ಬರಬೇಕು ಅಂತಿದ್ದೆ. ಆಗಲಿಲ್ಲ. ಅಮ್ಮನೂ ಕೇಳಿದಳು, "ಶ್ರೀದೇವಿ ಕಡೆ ಹೋಗಿ ಬರ್ತೀಯೇನು? ಇಲ್ಲಾಂದ್ರ ಅಕೀನ ಕರೀಲೇನು?" ಅಂತ. ನಾನೇ, ನವೆಂಬರಿನಲ್ಲಿ ಹೇಗೂ ಬರುತ್ತೇನಲ್ಲ ಅಂದೆ.

ಆದರೆ ನವೆಂಬರ್... ಶ್ರೀ, ಹೇಗೆ ಹೇಳಲಿ? ಸುಶ್ರುತನ ಅಪ್ಪ-ಅಮ್ಮ ಧಾರವಾಡದಿಂದ ಬರುತ್ತಿದ್ದಾರೆ, ತಿಂಗಳು ಪೂರ್ತಿ ಇರುತ್ತಾರೆ. ಹೊಸ ಸೊಸೆ ಮನೆ ಬಿಟ್ಟು ತವರಿಗೆ ಹೋಗಿ ಕೂತರೆ ಚೆನ್ನಾಗಿರುವುದಿಲ್ಲ ಅಲ್ಲವಾ? ಸುಶ್ರುತ ಏನೂ ಅನ್ನಲಿಲ್ಲ. ಆದರೆ ನನಗೇ ಹೊರಡುವ ಮನಸ್ಸು ಬರುತ್ತಿಲ್ಲ.

ಇನ್ನೊಂದು. ಅರ್ಜಿ. ಕೊನೆಯ ದಿನ ದಾಟಿಹೋಯಿತು. ನಾವು ಊರಲ್ಲಿರಲಿಲ್ಲ, ತಲೆಯಲ್ಲೇ ಇರಲಿಲ್ಲ. ಪರವಾಗಿಲ್ಲ, ನನಗೆ ಪರೀಕ್ಷೆ ಏನು ಅಷ್ಟು ಮುಖ್ಯ? ನಿನಗೆ ಮುಖ್ಯ! ನೀನು ಬರೆಯುವುದೇ ನಾನು ಬರೆದ ಹಾಗೆ.

ಮತ್ತೆ ದಿನಾ ಫೋನ್ ಮಾಡುತ್ತೇನೆ, ಈ ಸಲ ಗಟ್ಟಿ. ಐದೂವರೆಗೆ ಅಲ್ಲ, ಹತ್ತು ಗಂಟೆ ಮೇಲೆ. ಅಷ್ಟೊತ್ತಿಗೆ ನೀನು ಲ್ಯಾಬಿನಲ್ಲಿ ಇರುತ್ತೀ, ಅಲ್ಲವಾ? ಸರಿ, ಏನಾದರೂ ದಾರಿ ಹುಡುಕೋಣ.

ನಿನ್ನವಳೇ ಆದ
ಪದ್ದಿ


ತುಮಕೂರು
21 ನವೆಂಬರ್ 2025

ಶ್ರೀ! ಶ್ರೀ! ಶ್ರೀ!

ಇದು ಚಿಕ್ಕ ಕಾಗದ, ಅತ್ತೆಯವರು ಸಂತೆಗೆ ಕರೆಯುತ್ತಿದ್ದಾರೆ. ಬರೆಯದೆ ಇರಲಾಗಲಿಲ್ಲ. ಬುಧವಾರ ಬೆಳಿಗ್ಗೆ ನೀನು ಫೋನ್ ಮಾಡಿದೆಯಲ್ಲ, ಅವತ್ತು ನೀನು ಮಾತಾಡಿದ್ದು ಕೇಳಿ ನನಗೆ ಮೈ ಜುಮ್ಮೆಂದಿತು!

ಇಷ್ಟು ದಿನ ನೀನು ಪಾಠದ ವಾಕ್ಯ ಹೇಳಿದರೆ ಸಾಮಾನಿನ ಚೀಟಿ ಓದಿದ ಹಾಗೆ ಇರುತ್ತಿತ್ತು. (ಸಿಟ್ಟಾಗಬೇಡ!) ಅವತ್ತು "ಕೊಮಾತ್ತೆ ಇಮಾಸು, ಕಿತೆ ಕುದಾಸಾಯ್" ಅಂದೆಯಲ್ಲ, "ಕಷ್ಟದಲ್ಲಿದ್ದೇನೆ, ದಯವಿಟ್ಟು ಬಾ" ಅಂತ, ಅದು ಎಷ್ಟು ಖರೇ ಅನ್ನಿಸಿತು! ದನಿ ನಡುಗಿಸಿದ್ದು ಕೂಡ ಸರಿಯಾಗಿತ್ತು. ಅದಕ್ಕೇ ನಾನು "ಜೋಝು! ಮೋ ಇಚಿದೋ!" ಅಂದೆ. ಶಾಬಾಸ್, ಇನ್ನೊಮ್ಮೆ! ನೀನು ಇನ್ನೊಮ್ಮೆ ಹೇಳಿದೆ. 'ಮಾತ್ತೆ'ಯಲ್ಲಿ ಸ್ವಲ್ಪ ನಿಲ್ಲು ಅಂತ ನಾನು ತಿದ್ದಿದೆ, ನೀನು ಮತ್ತೊಮ್ಮೆ ಹೇಳಿದೆ. ಎಷ್ಟು ಪರ್ಫೆಕ್ಟ್! ಪಕ್ಕದಲ್ಲಿ ಕೂತಿದ್ದ ಅತ್ತೆಯವರು ಕೂಡ, "ಯಾರವಾ ಅದು, ಭಾಳ ಚಂದ ಮಾತಾಡ್ತಾಳ" ಅಂದರು.

ನನ್ನ ಕೆಲಸ ಮುಗಿಯಿತು ಅನ್ನಿಸಿತು. ಇನ್ನು ನಿನಗೆ ನಾನು ಬೇಕಿಲ್ಲ. ಆಲ್ ದಿ ಬೆಸ್ಟ್! ಪರೀಕ್ಷೆಯ ದಿನ ದೇವರ ಮುಂದೆ ಎರಡು ದೀಪ ಹಚ್ಚುತ್ತೇನೆ, ಒಂದು ನಿನ್ನ ಕಣ್ಣಿಗೆ, ಒಂದು ಕಿವಿಗೆ.

ಹೆಮ್ಮೆಯಿಂದ ಉಬ್ಬಿರುವ
ಪದ್ದಿ


ಬ್ಯಾಡಗಿ
10 ಡಿಸೆಂಬರ್ 2025

ಪದ್ಮಜಾ,

ಪರೀಕ್ಷೆ ಮುಗಿಯಿತು. ಹೇಗಾಯಿತು ಅಂತ ನೀನು ಕೇಳುವ ಮೊದಲೇ ಬರೆಯುತ್ತೇನೆ.

ಬೆಂಗಳೂರಿಗೆ ಅಪ್ಪ ಕರೆದುಕೊಂಡು ಹೋದ. ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಗೇಟಿನ ಹೊರಗೆ ಮರದ ಕೆಳಗೆ ಕೂತ. ಒಳಗೆ ಹೋಗುವಾಗ, "ಏನ್ ಕೇಳ್ತಾರವ್ವಾ ಒಳಗ? ಡಬ್ಬಿ ಮೆಣಸಿನಕಾಯಿ ಧಾರಣಿ ಕೇಳಿದ್ರ ನನ್ನ ಕರಿ" ಅಂದ. ಅಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ.

ಅಕ್ಷರ, ವ್ಯಾಕರಣ, ಓದು, ಎಲ್ಲ ಬೇಗ ಮುಗಿಸಿದೆ. ಹೊತ್ತು ಉಳಿಯಿತು. ಆಮೇಲೆ ಕೇಳುವ ಪತ್ರಿಕೆ. ಸ್ಪೀಕರಿನಿಂದ ದನಿಗಳು ಬಂದವು. ಒಬ್ಬ ಗಂಡಸು, ಒಬ್ಬ ಮುದುಕಿ, ಒಂದು ಅಂಗಡಿಯ ಹುಡುಗಿ. ಯಾವುದೂ ನಿನ್ನ ದನಿ ಅಲ್ಲ. ಎರಡು ವರ್ಷ ನಾನು ಜಪಾನೀಸ್ ಕೇಳಲೇ ಇಲ್ಲ, ನಿನ್ನನ್ನು ಕೇಳಿದೆ ಅಂತ ಅಲ್ಲಿ ತಿಳಿಯಿತು. ಅಲ್ಲ, ಅದಕ್ಕೂ ಮೊದಲೇ ತಿಳಿದಿತ್ತು. ನವೆಂಬರಿನಲ್ಲಿ ಹನೀಫ್ ಸರ್ ರಾಣೆಬೆನ್ನೂರಿನಲ್ಲಿ ಒಂದು ಮಾದರಿ ಪರೀಕ್ಷೆ ಇಟ್ಟಿದ್ದರು. ಕೇಳುವ ಭಾಗದಲ್ಲಿ ನಾನು ಬರೆದದ್ದೆಲ್ಲ ಅಂದಾಜು. ಸರ್ ಕಾಗದ ಮಡಚಿಟ್ಟು, "ಇನ್ನೂ ದಿನಾ ಅದಾವ. ಪದ್ಮಜಾನ ಕರೆಸ್ಕೋ. ಅಕಿ ಎದರಿಗೆ ಕುಂತು ರೆಕಾರ್ಡಿಂಗ್ ಹಚ್ಚಿ, ಒಂದೊಂದ ಮಾತು ಬಿಡಿಸಿ ಹೇಳಿದ್ರ ನಿನ್ನ ಕಿವಿ ತೆರೀತಾವ. ಅಕೀಗೆ ಆ ಹುನ್ನರ ಐತಿ" ಅಂದರು.

ಅದಕ್ಕೇ ಬುಧವಾರ ಫೋನ್ ಮಾಡಿದೆ.

ಅಪ್ಪ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಅವನ ಮುಂದೆ ಕನ್ನಡದಲ್ಲಿ, ನನಗೆ ಬರುತ್ತಿಲ್ಲ, ನಾನು ನಪಾಸಾಗುತ್ತೇನೆ ಅಂತ ಹೇಗೆ ಹೇಳಲಿ? ಅವನು ಆಗಲೇ ವಿಮಾನದ ಚಾರ್ಜು ಎಷ್ಟು ಅಂತ ಅವರಿವರನ್ನು ಕೇಳುತ್ತ ತಿರುಗುತ್ತಿದ್ದ. ಜಪಾನೀಸಿನಲ್ಲಿ ಹೇಳಿದರೆ ನಿನಗೊಬ್ಬಳಿಗೇ ತಿಳಿಯುತ್ತದೆ ಅಂದುಕೊಂಡೆ. ನಮ್ಮ ಪದ್ಧತಿಯೂ ಅದೇ ಅಲ್ಲವೇ. ಎರಡು ದಿನ ವಾಕ್ಯ ಜೋಡಿಸಿಕೊಂಡಿದ್ದೆ.

ದನಿ ನಾನು ನಡುಗಿಸಲಿಲ್ಲ.

ನೀನು ಇನ್ನೊಮ್ಮೆ ಹೇಳು ಅಂದಾಗ, ನಿನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡು ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ನನಗೆ ಗೊತ್ತಾಗಿತ್ತು. ಆದರೂ ನೀನು ತಿದ್ದಿದ ಹಾಗೆಯೇ ನಿಂತು ಹೇಳಿದೆ. ನೀನು ಚಪ್ಪಾಳೆ ಹೊಡೆದು ಫೋನ್ ಇಟ್ಟೆ. ಅಪ್ಪ, "ಏನಂದ್ಲು ಗೆಳತಿ?" ಅಂದ. ಶಾಬಾಸ್ ಅಂದಳು ಅಂದೆ.

ಮನೆಯಲ್ಲಿ ಎಲ್ಲರೂ ಕ್ಷೇಮ.

ಶ್ರೀದೇವಿ


ತುಮಕೂರು
18 ಡಿಸೆಂಬರ್ 2025

ಶ್ರೀ,

ನಿನ್ನ ಕಾಗದ ಓದಿದ ಮೇಲೆ ನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತಿದ್ದರೆ ಯಾವ ಭಾಷೆಯಲ್ಲಿ ಶುರು ಮಾಡುತ್ತಿದ್ದೆನೋ ಗೊತ್ತಿಲ್ಲ.

ಆ ಬುಧವಾರ ಬೆಳಗಿನ ಫೋನನ್ನು ತಲೆಯಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಕಿವಿಯ ಕೆಲಸ ನನ್ನದಾಗಿತ್ತು. ನೀನು ಮಾತಿನ ನಡುವೆ ಮೂಗೆಳೆದುಕೊಂಡದ್ದು ನನಗೆ ಕೇಳಿಸಿತ್ತು. ನೆಗಡಿ ಅಂದುಕೊಂಡೆ. ಅಷ್ಟೂ ಅಂದುಕೊಂಡೆನೋ ಇಲ್ಲವೋ. ಅತ್ತೆಯವರು ಕೇಳುತ್ತಿದ್ದಾರೆ, ನನ್ನ ಗೆಳತಿ ಎಷ್ಟು ಚಂದ ಮಾತಾಡುತ್ತಾಳೆ, ಅದನ್ನು ಕಲಿಸಿದವಳು ನಾನು, ಅದಷ್ಟೇ ತಲೆಯಲ್ಲಿತ್ತು.

ಸುಶ್ರುತನಿಗೆ ಕಾಗದ ತೋರಿಸಿದೆ. ಓದಿ, ಮಡಚಿ ನನ್ನ ಕೈಗೆ ಕೊಟ್ಟ. "ನೀ ಹೇಳಿದ್ರ ನಾನ ಕರಕೊಂಡು ಹೋಗಿ ಬಿಟ್ಟು ಬರ್ತಿದ್ದೆ. ಅಪ್ಪ-ಅಮ್ಮಗ ನಾ ಅಡಿಗಿ ಮಾಡಿ ಹಾಕ್ತಿದ್ದೆ. ಯಾಕ ಕೇಳಲಿಲ್ಲ ನೀ?" ಅಂದ. ಯಾರೂ ನನ್ನನ್ನು ತಡೆದಿರಲಿಲ್ಲ ಶ್ರೀ. ಇಲ್ಲಿ ನಾನು ಸುಖವಾಗಿದ್ದೆ, ಏಳಲು ಮನಸ್ಸಾಗಲಿಲ್ಲ. ಅಷ್ಟೇ.

ಫಲಿತಾಂಶ ಇನ್ನೂ ಬರಬೇಕಲ್ಲ. ಅಂದಾಜಿಗೆ ಬರೆದದ್ದೂ ಸರಿಯಾಗಬಹುದು. ಆಗಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ.

ಪದ್ದಿ


ಬ್ಯಾಡಗಿ
26 ಜನವರಿ 2026

ಪದ್ದಿ,

ಫಲಿತಾಂಶ ಬಂತು. ಒಟ್ಟು ಅಂಕಗಳನ್ನು ಕೂಡಿಸಿದರೆ ಪಾಸಾಗಲು ಸಾಕಿತ್ತು, ಮೇಲೆ ಉಳಿಯುತ್ತಿತ್ತು ಕೂಡ. ಆದರೆ ಕೇಳುವ ಭಾಗದಲ್ಲಿ ಬೇಕಾದಷ್ಟು ಬಂದಿಲ್ಲ. ಒಂದು ಭಾಗದಲ್ಲಿ ಬಿದ್ದರೆ ಎಲ್ಲದರಲ್ಲೂ ಬಿದ್ದ ಹಾಗೆ. ಅದು ಅವರ ನಿಯಮ.

ಏಪ್ರಿಲ್‌ನಲ್ಲಿ ಮನೋಹರ ಹೋಗುತ್ತಾನೆ. ಪೇಢೆ ಹಂಚಿದ. ನನಗೆ ಕೊಡುವಾಗ, "ತಪ್ಪು ತಿಳಕೋಬ್ಯಾಡ್ರಿ ಮೇಡಂ, ಅಕ್ಷರ ನೀವ ಹೇಳಿಕೊಡಬೇಕು ನನಗ" ಅಂದ. ಒಳ್ಳೆಯ ಹುಡುಗ. ತಿಂಗಳ ಕೊನೆಗೆ ನಾನು ಲ್ಯಾಬಿನ ಕೆಲಸ ಬಿಡುತ್ತೇನೆ, ಅಪ್ಪನಿಗೆ ಕೊಟ್ಟ ಮಾತು. ಸುಗ್ಗಿ ಶುರುವಾಗಿದೆ. ಮಾರುಕಟ್ಟೆಯ ದಿನ ಊರು ಪೂರಾ ಕೆಂಪು, ಎಲ್ಲರೂ ಸೀನುತ್ತ ತಿರುಗುತ್ತಾರೆ. ಅಂಗಡಿಯಲ್ಲಿ ಕೈಗೆ ಬಿಡುವಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾದಿಯ ಮೇಲೆ ತನ್ನ ಪಕ್ಕ ಹೊಸ ದಿಂಬು ಹಾಕಿಸಿ, "ಕುಂದರವ್ವಾ" ಅಂದ. ಗೋಡೆಯ ಮೇಲಿನ ಪ್ಯಾಕೆಟ್ಟುಗಳನ್ನು ಅವ್ವ ಇನ್ನೂ ತೆಗೆದಿಲ್ಲ. "ಇರಲಿ ಬಿಡು, ಸೀನಿ ಸೀನಿ ರೂಢಿ ಆಗೈತಿ" ಅನ್ನುತ್ತಾಳೆ.

ನಿನ್ನ ಮೇಲೆ ಕೋಪ ಇದೆಯೇ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇತ್ತು. ಈಗ ಅದಕ್ಕಿಂತ ಹೆಚ್ಚು ನನ್ನ ಮೇಲೆ ಇದೆ. ಸರ್ ಕೊಟ್ಟ ರೆಕಾರ್ಡಿಂಗುಗಳನ್ನು ಜುಲೈನಲ್ಲೇ ಕೇಳಲು ಶುರು ಮಾಡಬಹುದಿತ್ತು. ನೀನು ಬರುತ್ತೀ ಅಂತ ನನ್ನ ಕಿವಿಯನ್ನು ನಿನಗಾಗಿ ಖಾಲಿ ಇಟ್ಟುಕೊಂಡು ಕೂತೆ. ಅದು ನಿನ್ನ ತಪ್ಪಲ್ಲ.

ಇನ್ನು ಮೇಲೆ ಫೋನಿನಲ್ಲಿ ಕನ್ನಡ ಮಾತಾಡಬಹುದು. ಪಾಠ ಇಲ್ಲದ ಮೇಲೆ ನಿಯಮ ಯಾತಕ್ಕೆ? ಆದರೆ ಸದ್ಯಕ್ಕೆ ಮಾಡಬೇಡ. ಏನು ಮಾತಾಡಬೇಕೋ ನನಗೆ ಹೊಳೆಯುತ್ತಿಲ್ಲ.

ನಿನ್ನ ಗಂಡನಿಗೆ ನನ್ನ ನಮಸ್ಕಾರ ತಿಳಿಸು.

ಶ್ರೀದೇವಿ


ತುಮಕೂರು
2 ಫೆಬ್ರವರಿ 2026

ಶ್ರೀ,

ಫೋನ್ ಮಾಡಬೇಡ ಅಂದೆ, ಮಾಡಿಲ್ಲ. ಬರಬೇಡ ಅಂದಿಲ್ಲ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ದಿನ ಕೂತೆ. ಮೊದಲಾಗಿದ್ದರೆ ನಾಲ್ಕು ಪುಟ ತುಂಬಿಸುತ್ತಿದ್ದೆ. ಈಗ ಒಂದೊಂದು ಮಾತು ಬರೆದಾಗಲೂ ನಿನ್ನ ಮುಂದೆ ಅದು ಎಷ್ಟು ಹಗುರ ಅನ್ನಿಸುತ್ತದೆ. ಸಾರಿ ಅಂತ ಬರೆದು ನೋಡಿದೆ. ನಾನು ಚಹಾ ಚೆಲ್ಲಿದರೂ ಅದನ್ನೇ ಹೇಳುತ್ತೇನೆ. ಹರಿದು ಹಾಕಿದೆ.

ನಿನ್ನ ತಪ್ಪಲ್ಲ ಅಂತ ನೀನು ಬರೆದದ್ದು ನನ್ನನ್ನು ಹಗುರ ಮಾಡಲಿಲ್ಲ. ದೀಪಾವಳಿಯ ಮೂರು ದಿನ ನಿನ್ನೂರಿನ ಬಸ್ಸುಗಳು ಹಾವೇರಿ ನಿಲ್ದಾಣದಿಂದ ಹೋಗುತ್ತಲೇ ಇದ್ದವು. ಅಮ್ಮನ ಜೊತೆ ಹೂವು ತರಲು ಹೋದಾಗ ಒಂದು ಬಸ್ಸು ನನ್ನ ಮುಂದೆಯೇ ನಿಂತಿತ್ತು. ಕಂಡಕ್ಟರ್ "ಬ್ಯಾಡಗಿ, ಬ್ಯಾಡಗಿ" ಅಂತ ಕೂಗುತ್ತಿದ್ದ. ಅಮ್ಮ ನನ್ನ ಮುಖ ನೋಡಿದಳು. ನಾನು ಸೇವಂತಿಗೆಯ ಚೌಕಾಸಿ ಮಾಡಿದೆ.

ಏಪ್ರಿಲನ್ನು ನಿನಗೆ ತಿರುಗಿ ತಂದುಕೊಡಲು ನನ್ನಿಂದಾಗದು. ಬರುವ ಜುಲೈ ಪರೀಕ್ಷೆಯ ಮಾತನ್ನು ನಾನು ಎತ್ತುವುದಿಲ್ಲ. ನಿಮ್ಮಪ್ಪನಿಗೆ ನೀನು ಕೊಟ್ಟ ಮಾತನ್ನು ಮುರಿ ಅನ್ನಲು ನಾನು ಯಾರು? ನಿನಗೆ ಪಾಠ ಹೇಳಲೆಂದೂ ನಾನು ಬರುತ್ತಿಲ್ಲ. ಹನೀಫ್ ಸರ್‌ಗೆ ಫೋನ್ ಮಾಡಿದ್ದೆ. "ಬಾ ಬೇಟಿ. ಆದ್ರ ಸಮಾಧಾನ ಮಾಡಾಕ ಬರಬ್ಯಾಡ. ಅಕಿ ಏನಂತಾಳ ಅದನ್ನ ಸುಮ್ನ ಕುಂತು ಕೇಳು. ನಡುವ ತಿದ್ದಬ್ಯಾಡ" ಅಂದರು. ಅವರಿಗೆ ನೀನು ಹೇಳಿದ್ದೀಯೋ ಇಲ್ಲವೋ, ಎಲ್ಲ ಗೊತ್ತಿದೆ.

ಸುಶ್ರುತನಿಗೆ ಈ ಸಲ ಹೆದರುತ್ತ ಕೇಳಲಿಲ್ಲ. ಹೋಗುತ್ತೇನೆ ಅಂದೆ. "ತಿರುಗಿ ಯಾವಾಗ?" ಅಂದ. ಗೊತ್ತಿಲ್ಲ ಅಂದೆ. "ಇಲ್ಲೀದು ನಾ ನೋಡಕೋತೀನಿ. ಅಲ್ಲೀದು ನೀ ನೋಡು" ಅಂದು ಟಿಕೆಟ್ ತೆಗೆದುಕೊಟ್ಟ.

ಹಾವೇರಿಗೆ ಹೋಗುವುದಿಲ್ಲ. ಅಮ್ಮನಿಗೂ ಆಮೇಲೆ ಹೇಳುತ್ತೇನೆ. ನೇರ ನಿಮ್ಮ ಅಂಗಡಿಗೆ ಬರುತ್ತೇನೆ. ನೀನು ಗಿರಾಕಿಗಳ ಜೊತೆ ಇದ್ದರೆ ಹೊರಗೆ ಚೀಲಗಳ ಹತ್ತಿರ ಕೂಡುತ್ತೇನೆ. ಮಾತಾಡದಿದ್ದರೂ ಸರಿ. ಹೋಗು ಅಂದರೆ ಅವತ್ತು ಹೋಗಿ ಮರುದಿನ ಬರುತ್ತೇನೆ.

ನೀನು ಕರೆದಾಗ ಬರಲಿಲ್ಲ. ಈಗ ಕರೆಯದೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಯಾರನ್ನೂ ಕಳಿಸಬೇಡ. ರಾಣೆಬೆನ್ನೂರಿನಲ್ಲಿ ಇಳಿದು ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಫೆಬ್ರವರಿ ಏಳು, ಶನಿವಾರ, ಹುಬ್ಬಳ್ಳಿ ಜನಶತಾಬ್ದಿ.

ಪದ್ಮಜಾ